ಮನೆ ಕಂಪ್ಯೂಟರ್ ಬ್ಯಾಕಪ್: ಫೈಲ್ ಹುಡುಕುವುದರಿಂದ ವಾಪಸ್ ತೆರೆದು ನೋಡುವವರೆಗೆ

"ಬ್ಯಾಕಪ್ ಮಾಡಿದ್ದೆ, ಆದರೆ ಡಿಸ್ಕ್ ತೆರೆದರೆ ಬೇಕಾದದ್ದೇ ಇಲ್ಲ." ಕಂಪ್ಯೂಟರ್ ಕೈಕೊಟ್ಟ ಮೇಲೆ ಎಷ್ಟೋ ಜನ ಹೇಳುವ ಮಾತು ಇದು. ಫೋಲ್ಡರ್ ಇದೆ, ಒಳಗೆ ಖಾಲಿ. ಫೋಟೊ ಇದೆ, ತೆರೆಯುವುದಿಲ್ಲ. ಅಥವಾ ಎಲ್ಲ ಸರಿಯಾಗಿದೆ, ಆದರೆ ಎರಡು ವರ್ಷ ಹಳೆಯದು. ಇವರು ಯಾರೂ ಸೋಮಾರಿಗಳಲ್ಲ. ದುಡ್ಡು ಕೊಟ್ಟು ಡಿಸ್ಕ್ ತಂದವರು, ಗಂಟೆಗಟ್ಟಲೆ ಕೂತು ಕಾಪಿ ಮಾಡಿದವರು. ಎಡವಿದ್ದು ಕೆಲಸದ ಕ್ರಮದಲ್ಲಿ. ಮೊದಲು ಡಿಸ್ಕ್ ಕೊಳ್ಳುತ್ತಾರೆ, ಆಮೇಲೆ ಕಣ್ಣಿಗೆ ಬಿದ್ದದ್ದನ್ನು ಕಾಪಿ ಮಾಡುತ್ತಾರೆ, ತೆರೆದು ನೋಡುವುದನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಇಲ್ಲಿ ಹೇಳಿರುವ ಕ್ರಮದಲ್ಲೇ ಹೋಗಿ. ಯಾವ ಹಂತವನ್ನಾದರೂ ಚುಟುಕಾಗಿ ಮುಗಿಸಿ ಪರವಾಗಿಲ್ಲ, 1 ಮತ್ತು 5ನೇ ಹಂತವನ್ನು ಮಾತ್ರ ಹಾರಿಸಬೇಡಿ.

## ಮೊದಲು ಕೈಯಲ್ಲಿ ಇರಬೇಕಾದ್ದು

ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬೇಕು. ಸದ್ಯಕ್ಕೆ ಒಂದೇ ಇದ್ದರೂ ಶುರು ಮಾಡಿ, ಎರಡನೆಯದು 7ನೇ ಹಂತದ ಹೊತ್ತಿಗೆ ಬಂದರೆ ಸಾಕು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿರಲಿ. ಜತೆಗೆ ಒಂದು ನೋಟ್ ಪುಸ್ತಕ, ಒಂದು ಪೆನ್ನು. ಯಾವ ಫೋಲ್ಡರ್ ಎಲ್ಲಿದೆ, ಎಷ್ಟು ಜಿಬಿ ಇದೆ, ಕೊನೆಯ ಬ್ಯಾಕಪ್ ಯಾವತ್ತು ಎಂಬುದೆಲ್ಲ ಕಾಗದದ ಮೇಲೆ ಇರಬೇಕು. ಕಂಪ್ಯೂಟರ್‌ನಲ್ಲೇ ಬರೆದಿಟ್ಟರೆ, ಅದು ಕೆಟ್ಟ ದಿನ ಪಟ್ಟಿಯೂ ಅದರ ಜತೆಗೇ ಹೋಗುತ್ತದೆ.

ಪೆನ್ ಡ್ರೈವ್ ಬೇಡ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಫೈಲ್ ಒಯ್ಯಲು ಅದು ಚೆನ್ನಾಗಿದೆ. ಆದರೆ ಕರೆಂಟ್ ಇಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಫ್ಲ್ಯಾಶ್ ಮೆಮೊರಿಯಲ್ಲಿರುವ ಡೇಟಾ ನಿಧಾನವಾಗಿ ಅಳಿಯಬಹುದು. ಚಿಕ್ಕದಾಗಿರುವುದರಿಂದ ಕಳೆದುಹೋಗುವುದೂ ಸುಲಭ.

## ಹಂತ 1: ಫೈಲ್‌ಗಳು ನಿಜವಾಗಿ ಎಲ್ಲಿವೆ, ಹುಡುಕಿ

ಜಾಸ್ತಿ ಜನ ಸೋಲುವುದು ಇಲ್ಲೇ. "ನನ್ನ ಎಲ್ಲ ಫೈಲ್ ಡಾಕ್ಯುಮೆಂಟ್ಸ್‌ನಲ್ಲಿದೆ" ಎಂದುಕೊಂಡಿರುತ್ತೇವೆ. ಹುಡುಕಿದರೆ ಅರ್ಧ ಡೆಸ್ಕ್‌ಟಾಪ್ ಮೇಲೆ, ಕಾಲು ಭಾಗ ಡೌನ್‌ಲೋಡ್ಸ್‌ನಲ್ಲಿ, ಇನ್ನು ಕೆಲವು ಡಿ ಡ್ರೈವ್‌ನ "ನ್ಯೂ ಫೋಲ್ಡರ್" ಒಳಗಿನ ಇನ್ನೊಂದು "ನ್ಯೂ ಫೋಲ್ಡರ್"ನಲ್ಲಿ ಇರುತ್ತವೆ.

ವಿಂಡೋಸ್ ಬಳಸುವವರು ಮೊದಲು ಒಂದು ಪರೀಕ್ಷೆ ಮಾಡಿ. ಡಾಕ್ಯುಮೆಂಟ್ಸ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆದು ಲೊಕೇಶನ್ ಎಂಬ ಸಾಲು ನೋಡಿ. ಅದರಲ್ಲಿ ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ) ಎಂಬ ಹೆಸರು ಇದೆಯಾ? ಇದ್ದರೆ ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್ ಒಳಗೆ ಹೋಗಿ ಕೂತಿದೆ ಎಂದರ್ಥ. ಡೆಸ್ಕ್‌ಟಾಪ್, ಪಿಕ್ಚರ್ಸ್ ಕೂಡ ಹೀಗೇ ಹೋಗಿರಬಹುದು. ಆದರೆ ಯೂಸರ್ ಫೋಲ್ಡರ್ ಒಳಗೆ ಹಳೆಯ ಡಾಕ್ಯುಮೆಂಟ್ಸ್ ಫೋಲ್ಡರ್ ಹಾಗೇ ಉಳಿದಿರಬಹುದು, ಬರೀ ಖಾಲಿ. ಅದನ್ನು ಕಾಪಿ ಮಾಡಿದವರ ಬ್ಯಾಕಪ್ಪೂ ಖಾಲಿ.

ಅದೇ ಫೋಲ್ಡರ್‌ನಲ್ಲಿ ಫೈಲ್ ಹೆಸರಿನ ಪಕ್ಕದ ಗುರುತನ್ನೂ ನೋಡಿ. ಬರೀ ಗೆರೆಯಲ್ಲಿ ಬಿಡಿಸಿದ ನೀಲಿ ಮೋಡ ಇದ್ದರೆ ಆ ಫೈಲ್ ಕಂಪ್ಯೂಟರ್‌ನಲ್ಲಿ ಇಲ್ಲ, ಅದರ ಹೆಸರು ಮಾತ್ರ ಇದೆ. ನಿಜವಾದ ಫೈಲ್ ಇಂಟರ್ನೆಟ್ ಆಚೆಗಿನ ಸರ್ವರ್‌ನಲ್ಲಿದೆ. ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, "ಆಲ್‌ವೇಸ್ ಕೀಪ್ ಆನ್ ದಿಸ್ ಡಿವೈಸ್" ಒತ್ತಿ. ಮೋಡದ ಜಾಗದಲ್ಲಿ ತುಂಬು ಹಸಿರು ವೃತ್ತ, ಅದರೊಳಗೆ ಬಿಳಿ ಟಿಕ್ ಬರಬೇಕು. ಎಲ್ಲ ಇಳಿದು ಮುಗಿಯುವವರೆಗೆ ಬ್ಯಾಕಪ್ ಶುರು ಮಾಡಬೇಡಿ.

ಮ್ಯಾಕ್‌ನಲ್ಲೂ ಇಂಥದ್ದೇ ಬಲೆ ಇದೆ. ಫೋಟೋಸ್ ಆಪ್‌ನ ಐಕ್ಲೌಡ್ ಸೆಟ್ಟಿಂಗ್ಸ್‌ನಲ್ಲಿ "ಆಪ್ಟಿಮೈಸ್ ಮ್ಯಾಕ್ ಸ್ಟೋರೇಜ್" ಆನ್ ಇದ್ದರೆ, ಅನೇಕ ಮೂಲ ಫೋಟೊಗಳು ಮ್ಯಾಕ್‌ನಲ್ಲಿ ಇಲ್ಲದಿರಬಹುದು, ಚಿಕ್ಕ ಗಾತ್ರದ ಪ್ರತಿ ಮಾತ್ರ ಇರಬಹುದು. ಅಲ್ಲಿಲ್ಲದ ಮೂಲವನ್ನು ಮ್ಯಾಕ್‌ನದೇ ಬ್ಯಾಕಪ್ ಪ್ರೋಗ್ರಾಮ್ ಆದ ಟೈಮ್ ಮಷೀನ್ ಎಲ್ಲಿಂದ ತರಬೇಕು? "ಡೌನ್‌ಲೋಡ್ ಒರಿಜಿನಲ್ಸ್ ಟು ದಿಸ್ ಮ್ಯಾಕ್" ಆರಿಸಿ. ಅದಕ್ಕೆ ಮ್ಯಾಕ್‌ನಲ್ಲಿ ಜಾಗ ಬೇಕು, ಅದನ್ನೂ ನೋಡಿಕೊಳ್ಳಿ.

ಇನ್ನೆರಡು ಮೋಸದ ಫೈಲ್‌ಗಳಿವೆ. ಡೆಸ್ಕ್‌ಟಾಪ್ ಮೇಲಿನ ಐಕಾನ್‌ನ ಮೂಲೆಯಲ್ಲಿ ಪುಟ್ಟ ಬಾಣ ಇದ್ದರೆ ಅದು ಶಾರ್ಟ್‌ಕಟ್. ಅದನ್ನು ಕಾಪಿ ಮಾಡಿದರೆ ಒಂದೆರಡು ಕೆಬಿಯ ದಾರಿಗುರುತು ಬರುತ್ತದೆ, ಫೈಲ್ ಬರುವುದಿಲ್ಲ. ಗೂಗಲ್ ಡ್ರೈವ್ ಫೋಲ್ಡರ್‌ನಲ್ಲಿ ಕಾಣುವ ಗೂಗಲ್ ಡಾಕ್ಸ್, ಶೀಟ್ಸ್ ಫೈಲ್‌ಗಳ ಕಥೆಯೂ ಅಷ್ಟೇ. ಅವು ಬರೀ ಲಿಂಕ್. ಅವುಗಳ ಒಳಗಿನ ಬರಹ ಬೇಕಾದರೆ ಗೂಗಲ್ ಟೇಕ್‌ಔಟ್ ಮೂಲಕ ಇಳಿಸಿಕೊಳ್ಳಬೇಕು.

ಕಣ್ಣಿಗೆ ಕಾಣದ ಜಾಗಗಳನ್ನೂ ಪಟ್ಟಿಗೆ ಸೇರಿಸಿ. ಥಂಡರ್‌ಬರ್ಡ್‌ನಂಥ ಇಮೇಲ್ ಪ್ರೋಗ್ರಾಮ್ ತನ್ನ ಅಂಚೆಯನ್ನು ಆಪ್‌ಡೇಟಾ ಎಂಬ ಮರೆಯಾದ ಫೋಲ್ಡರ್‌ನಲ್ಲಿ ಇಡುತ್ತದೆ. ಬ್ರೌಸರ್ ಬುಕ್‌ಮಾರ್ಕ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿ ತೆಗೆಯಬೇಕು. ಲೆಕ್ಕಪತ್ರದ ಪ್ರೋಗ್ರಾಮ್ ಇದ್ದರೆ ಅದರ ಡೇಟಾ ಫೋಲ್ಡರ್ ಯಾವುದು ಎಂದು ಅದರ ಸೆಟ್ಟಿಂಗ್ಸ್‌ನಲ್ಲೇ ನೋಡಿ ಬರೆದುಕೊಳ್ಳಿ. ವಿಶೇಷ ಫಾಂಟ್‌ನಲ್ಲಿ ಬರೆದ ಹಳೆಯ ಬರಹಗಳಿದ್ದರೆ ಆ ಫಾಂಟ್ ಫೈಲನ್ನೂ ಜತೆಗಿಡಿ. ಯೂನಿಕೋಡ್ ಅಲ್ಲದ ಬರಹ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತದೆ.

## ಹಂತ 2: ಮೂರು ಗುಂಪು ಮಾಡಿ

ಕಳೆದರೆ ಮತ್ತೆ ಸಿಗದೇ ಇರುವುದು ಮೊದಲ ಗುಂಪು. ಫೋಟೊ, ವಿಡಿಯೊ, ನೀವೇ ಬರೆದದ್ದು, ಸ್ಕ್ಯಾನ್ ಮಾಡಿದ ದಾಖಲೆ. ಕಷ್ಟಪಟ್ಟರೆ ಮತ್ತೆ ಪಡೆಯಬಹುದಾದದ್ದು ಎರಡನೆಯದು. ಪ್ರೋಗ್ರಾಮ್‌ಗಳು, ಡೌನ್‌ಲೋಡ್ ಮಾಡಿದ ಸಿನಿಮಾ, ವಿಂಡೋಸ್ ಫೋಲ್ಡರ್ ಮೂರನೆಯದು. ಇದಕ್ಕೆ ಬ್ಯಾಕಪ್ ಬೇಡ. ಇನ್‌ಸ್ಟಾಲ್ ಆದ ಪ್ರೋಗ್ರಾಮ್‌ನ ಫೋಲ್ಡರನ್ನು ಸುಮ್ನೆ ಕಾಪಿ ಮಾಡಿ ಹೊಸ ಕಂಪ್ಯೂಟರ್‌ಗೆ ಹಾಕಿದರೆ ಅದು ಸಾಮಾನ್ಯವಾಗಿ ಓಡುವುದೂ ಇಲ್ಲ. ಲೈಸೆನ್ಸ್ ನಂಬರ್ ಮಾತ್ರ ಬರೆದಿಟ್ಟುಕೊಳ್ಳಿ.

ಮೊದಲ ಎರಡು ಗುಂಪಿನ ಪ್ರತಿ ಫೋಲ್ಡರ್‌ನ ಪ್ರಾಪರ್ಟೀಸ್ ತೆರೆದು ಗಾತ್ರವನ್ನೂ ಫೈಲ್‌ಗಳ ಸಂಖ್ಯೆಯನ್ನೂ ಪುಸ್ತಕದಲ್ಲಿ ಬರೆಯಿರಿ. ಈ ಎರಡು ಅಂಕಿ ಮುಂದೆ ತುಂಬಾ ಕೆಲಸಕ್ಕೆ ಬರುತ್ತವೆ.

## ಹಂತ 3: ಡಿಸ್ಕ್ ಆರಿಸಿ, ಸಿದ್ಧಮಾಡಿ

ಈಗ ಎಷ್ಟು ಜಾಗ ಬೇಕು ಎಂದು ಗೊತ್ತಾಗಿದೆ. ಕನಿಷ್ಠ ಅದರ ಎರಡರಷ್ಟು ಗಾತ್ರದ ಡಿಸ್ಕ್ ತೆಗೆದುಕೊಳ್ಳಿ, ಹಳೆಯ ಆವೃತ್ತಿಗಳನ್ನು ಇಡಲು ಜಾಗ ಬೇಕು. ಟೈಮ್ ಮಷೀನ್ ಬಳಸುವವರು ಮ್ಯಾಕ್‌ನ ಒಟ್ಟು ಸ್ಟೋರೇಜ್‌ನ ಎರಡು ಪಟ್ಟು ಲೆಕ್ಕ ಹಾಕಿ. 1 ಟಿಬಿ ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ, ಗಾಬರಿ ಬೇಡ. ಎಣಿಸುವ ರೀತಿ ಬೇರೆ, ಜಾಗ ಎಲ್ಲೂ ಹೋಗಿಲ್ಲ.

ಫಾರ್ಮ್ಯಾಟ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ರೀತಿ) ವಿಷಯದಲ್ಲಿ ನನ್ನ ಸಲಹೆ ಇಷ್ಟು. ಬರೀ ವಿಂಡೋಸ್ ಇದ್ದರೆ ಎನ್‌ಟಿಎಫ್‌ಎಸ್. ಬರೀ ಮ್ಯಾಕ್ ಇದ್ದರೆ ಟೈಮ್ ಮಷೀನ್ ಕೇಳಿದಂತೆ ಬಿಡಿ. ಎರಡರಲ್ಲೂ ಬಳಸಲೇಬೇಕಾದರೆ ಎಕ್ಸ್‌ಫ್ಯಾಟ್. ಆದರೆ ಎಕ್ಸ್‌ಫ್ಯಾಟ್ ಡಿಸ್ಕನ್ನು ಬರೆಯುತ್ತಿರುವಾಗ ಕಿತ್ತರೆ ಹಾಳಾಗುವ ಸಂಭವ ಜಾಸ್ತಿ. ಫ್ಯಾಟ್32 ಯಾರಿಗೂ ಬೇಡ. 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ, ಉದ್ದದ ವಿಡಿಯೊಗಳು ಅಲ್ಲೇ ನಿಂತುಬಿಡುತ್ತವೆ.

ಎಚ್ಚರಿಕೆ: ಫಾರ್ಮ್ಯಾಟ್ ಮಾಡಿದರೆ ಡಿಸ್ಕ್‌ನಲ್ಲಿ ಇರುವುದೆಲ್ಲ ಅಳಿಯುತ್ತದೆ. ಟೈಮ್ ಮಷೀನ್ ಕೂಡ ಮೊದಲ ಸಲ ಡಿಸ್ಕ್ ಅಳಿಸಲು ಕೇಳಬಹುದು. ಹಳೆಯ ಡಿಸ್ಕ್ ಬಳಸುತ್ತಿದ್ದರೆ ಒಳಗೆ ಏನಿದೆ ನೋಡದೆ "ಸರಿ" ಒತ್ತಬೇಡಿ. ಬ್ಯಾಕಪ್ ಮಾಡಲು ಹೋಗಿ ಇದ್ದ ಒಂದೇ ಪ್ರತಿಯನ್ನು ಅಳಿಸಿಕೊಂಡವರು ಕಮ್ಮಿ ಇಲ್ಲ.

## ಹಂತ 4: ಮೊದಲ ಪೂರ್ತಿ ಪ್ರತಿ

ಮೊದಲ ಸಲ ಕೈಯಿಂದಲೇ ಮಾಡಿ ಎನ್ನುವುದು ನನ್ನ ಮಾತು. ಏನೆಲ್ಲ ಇದೆ, ಎಲ್ಲಿ ತಡೆಯುತ್ತದೆ ಎಂದು ಆಗಲೇ ಗೊತ್ತಾಗುವುದು.

ಡಿಸ್ಕ್‌ನಲ್ಲಿ ಇವತ್ತಿನ ತಾರೀಖಿನ ಹೆಸರಿನ ಒಂದು ಫೋಲ್ಡರ್ ಮಾಡಿ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಫೋಲ್ಡರ್‌ಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಇಮೇಲ್, ಲೆಕ್ಕಪತ್ರ, ಬ್ರೌಸರ್ ಎಲ್ಲವನ್ನೂ ಮುಚ್ಚಿ. ತೆರೆದಿರುವ ಡೇಟಾ ಫೈಲ್ ಕಾಪಿ ಆಗದೇ ಉಳಿಯಬಹುದು, ಅಥವಾ ಅರ್ಧಂಬರ್ಧ ಸ್ಥಿತಿಯಲ್ಲಿ ಆಗಬಹುದು.

ಇನ್ನು ಕಾಪಿ. ಕಟ್ ಯಾವತ್ತೂ ಬೇಡ. ಕಟ್ ಮಾಡಿದರೆ ಫೈಲ್ ಜಾಗ ಬದಲಿಸುತ್ತದೆ ಅಷ್ಟೇ, ಪ್ರತಿ ಒಂದೇ ಉಳಿಯುತ್ತದೆ. ಮೊದಲ ಗುಂಪಿನಿಂದ ಶುರು ಮಾಡಿ, ಒಂದೊಂದೇ ಫೋಲ್ಡರ್ ಕಾಪಿ ಮಾಡಿ, ಮುಗಿದದ್ದಕ್ಕೆ ಪುಸ್ತಕದಲ್ಲಿ ಗುರುತು ಹಾಕಿ. ಇಡೀ ಡ್ರೈವನ್ನು ಒಂದೇ ಸಲ ಎಳೆದು ಹಾಕಿದರೆ ಎಲ್ಲಿ ನಿಂತಿತು, ಏನು ಬಿಟ್ಟಿತು ಎಂದು ಆಮೇಲೆ ಪತ್ತೆ ಮಾಡಲು ಆಗುವುದಿಲ್ಲ.

ಹೊತ್ತು ಹಿಡಿಯುತ್ತದೆ. ಯುಎಸ್‌ಬಿ 3 ಪೋರ್ಟ್‌ನಲ್ಲಿ ಸಾಮಾನ್ಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಆಸುಪಾಸು ಬರೆಯುತ್ತದೆ. ಆ ಲೆಕ್ಕದಲ್ಲಿ 200 ಜಿಬಿಗೆ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ಹಳೆಯ ಯುಎಸ್‌ಬಿ 2 ಪೋರ್ಟ್ ಆದರೆ ಅದೇ ಕೆಲಸಕ್ಕೆ ಒಂದೂವರೆ ಗಂಟೆ ದಾಟುತ್ತದೆ. ಸಾವಿರಾರು ಚಿಕ್ಕ ಫೈಲ್‌ಗಳಿದ್ದರೆ ಇನ್ನೂ ನಿಧಾನ. ಮಧ್ಯೆ ಕಂಪ್ಯೂಟರ್ ಸ್ಲೀಪ್‌ಗೆ ಹೋಗದಂತೆ ಸೆಟ್ಟಿಂಗ್ ಬದಲಿಸಿಕೊಳ್ಳಿ.

"ಸ್ಕಿಪ್" ಎಂಬ ಬಟನ್ ಬಂದರೆ ಯೋಚಿಸದೆ ಒತ್ತಬೇಡಿ. ಯಾವ ಫೈಲ್ ಎಂದು ಬರೆದುಕೊಂಡು ಆಮೇಲೆ ಒತ್ತಿ. ಹೆಚ್ಚಾಗಿ ಕಾರಣ ಇವುಗಳಲ್ಲಿ ಒಂದು: ಆ ಫೈಲ್ ಯಾವುದೋ ಪ್ರೋಗ್ರಾಮ್‌ನಲ್ಲಿ ತೆರೆದಿದೆ, ಅಥವಾ ಫೋಲ್ಡರ್ ಒಳಗೆ ಫೋಲ್ಡರ್ ಆಗಿ ಒಟ್ಟು ಹೆಸರು ತೀರಾ ಉದ್ದವಾಗಿದೆ. ವಿಂಡೋಸ್‌ನಲ್ಲಿ 260 ಅಕ್ಷರದ ಮಿತಿ ಈಗಲೂ ಎಷ್ಟೋ ಕಡೆ ಕಾಡುತ್ತದೆ. ಹೊರಗಿನ ಫೋಲ್ಡರ್ ಹೆಸರನ್ನು ಗಿಡ್ಡ ಮಾಡಿ, ಮತ್ತೆ ಪ್ರಯತ್ನಿಸಿ.

ಮುಗಿದ ಮೇಲೆ "ಸೇಫ್ಲಿ ರಿಮೂವ್" ಅಥವಾ "ಇಜೆಕ್ಟ್" ಮಾಡಿ. ಪರದೆಯ ಮೇಲೆ ಮುಗಿಯಿತು ಎಂದು ಕಂಡರೂ ಕೊನೆಯ ಒಂದಷ್ಟು ಡೇಟಾ ಇನ್ನೂ ಮೆಮೊರಿಯಲ್ಲೇ ಇರಬಹುದು.

## ಹಂತ 5: ವಾಪಸ್ ತೆಗೆದು ನೋಡಿ

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್ ಒಬ್ಬರಿಂದ ತಪ್ಪು ಸರ್ವರ್‌ನ ಡೇಟಾಬೇಸ್ ಅಳಿಸಿಹೋಯಿತು. ಬ್ಯಾಕಪ್ ಇದೆಯಲ್ಲ ಎಂದು ಹೋಗಿ ನೋಡಿದರೆ, ನಡೆಯುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ಸದ್ದಿಲ್ಲದೆ ವಿಫಲವಾಗುತ್ತಿತ್ತು. ಸುಮಾರು 6 ಗಂಟೆ ಹಿಂದಿನ ಒಂದು ಪ್ರತಿ ಅದೃಷ್ಟಕ್ಕೆ ಇತ್ತು, ಅದರಿಂದ ಉಳಿದುಕೊಂಡರು. ಈ ವಿವರವನ್ನು ಆ ಕಂಪನಿಯೇ ಬಹಿರಂಗವಾಗಿ ಹಂಚಿಕೊಂಡಿತು. ಅಷ್ಟು ತಿಳಿದವರಿಗೇ ಹೀಗಾಗುತ್ತದೆ ಎಂದಮೇಲೆ ನಾವು ನೀವು ಪರೀಕ್ಷೆ ಮಾಡದೆ ನಂಬುವುದು ಸರಿಯಲ್ಲ, ಅಲ್ವಾ?

ಪರೀಕ್ಷೆ ಮಾಡುವುದು ಹೀಗೆ. ಡಿಸ್ಕ್ ತೆಗೆದು ಮತ್ತೆ ಸಿಕ್ಕಿಸಿ. ಪ್ರತಿ ಫೋಲ್ಡರ್‌ನ ಪ್ರಾಪರ್ಟೀಸ್ ತೆರೆದು, ಫೈಲ್ ಸಂಖ್ಯೆಯನ್ನು ಪುಸ್ತಕದ ಅಂಕಿಯ ಜತೆ ಹೋಲಿಸಿ. ಗಾತ್ರಕ್ಕೆ "ಸೈಜ್" ಎಂಬ ಸಾಲು ನೋಡಿ. "ಸೈಜ್ ಆನ್ ಡಿಸ್ಕ್" ಎಂಬುದು ಡಿಸ್ಕ್‌ನಿಂದ ಡಿಸ್ಕ್‌ಗೆ ಬೇರೆಯಾಗುತ್ತದೆ, ಅದನ್ನು ಬಿಡಿ. ಸಂಖ್ಯೆ ಹೊಂದದಿದ್ದರೆ ಒಳಗಿನ ಫೋಲ್ಡರ್‌ಗಳನ್ನು ಒಂದೊಂದಾಗಿ ಹೋಲಿಸುತ್ತಾ ಹೋಗಿ, ಬಿಟ್ಟುಹೋದದ್ದು ಸಿಗುತ್ತದೆ.

ಅಂಕಿ ಹೊಂದಿದ ಮಾತ್ರಕ್ಕೆ ಮುಗಿಯಲಿಲ್ಲ. ಕಂಪ್ಯೂಟರ್‌ನಲ್ಲಿ "ಪರೀಕ್ಷೆ" ಎಂಬ ಹೊಸ ಫೋಲ್ಡರ್ ಮಾಡಿ. ಡಿಸ್ಕ್‌ನಿಂದ ಒಂದು ಹಳೆಯ ಫೋಟೊ, ಒಂದು ಹೊಸ ಫೋಟೊ, ಒಂದು ದೊಡ್ಡ ವಿಡಿಯೊ, ಒಂದು ಬರಹ, ಒಂದು ಲೆಕ್ಕದ ಫೈಲ್ ಅದರೊಳಗೆ ಕಾಪಿ ಮಾಡಿ ತೆರೆಯಿರಿ. ಫೋಟೊ ಪೂರ್ತಿ ದೊಡ್ಡದಾಗಿ ಬರುತ್ತದಾ, ಕೆಳಗಿನ ಅರ್ಧ ಬೂದು ಬಣ್ಣವಾಗಿದೆಯಾ? ವಿಡಿಯೊದ ಕೊನೆಯ ನಿಮಿಷಕ್ಕೆ ಹೋಗಿ, ಓಡುತ್ತದಾ ನೋಡಿ. ಫೋಲ್ಡರ್‌ನಲ್ಲಿ ಕಾಣುವ ಚಿಕ್ಕ ಚಿತ್ರ ನೋಡಿ ತೃಪ್ತಿಪಡಬೇಡಿ, ಮೂಲ ಫೈಲ್ ಹಾಳಾಗಿದ್ದರೂ ಅದು ಕಾಣಬಹುದು. ಸಾಧ್ಯವಾದರೆ ಇನ್ನೊಂದು ಕಂಪ್ಯೂಟರ್‌ನಲ್ಲೂ ತೆರೆಯಿರಿ. ನಿಮ್ಮ ಕಂಪ್ಯೂಟರ್ ಪೂರ್ತಿ ಸತ್ತಾಗ ಡಿಸ್ಕ್ ಹೋಗಿ ಸೇರುವುದು ಬೇರೆ ಕಂಪ್ಯೂಟರ್‌ಗೆ ತಾನೇ?

ಈ ಪರೀಕ್ಷೆ ದಾಟಿದ ಮೇಲೆಯೇ ಪುಸ್ತಕದಲ್ಲಿ "ಬ್ಯಾಕಪ್ ಆಯಿತು" ಎಂದು ತಾರೀಖು ಬರೆಯಿರಿ.

## ಹಂತ 6: ಮುಂದಿನದನ್ನು ಕಂಪ್ಯೂಟರ್‌ಗೆ ಬಿಡಿ

ಕೈಯಿಂದ ಮಾಡುವ ಬ್ಯಾಕಪ್ ಮೂರನೇ ತಿಂಗಳಿಗೆ ನಿಂತುಹೋಗುತ್ತದೆ. ಹಾಗಾಗಿ ಸ್ವಯಂಚಾಲಿತ ವ್ಯವಸ್ಥೆ ಬೇಕು.

ಮ್ಯಾಕ್‌ನಲ್ಲಿ ಟೈಮ್ ಮಷೀನ್ ಇದೆ, ಬೇರೆ ಏನೂ ಹುಡುಕಬೇಡಿ. ಕಳೆದ 24 ಗಂಟೆಗೆ ಗಂಟೆಗೊಂದು, ಕಳೆದ ಒಂದು ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು ಪ್ರತಿ ಇಡುತ್ತದೆ. ಡಿಸ್ಕ್ ತುಂಬಿದಾಗ ತೀರಾ ಹಳೆಯದನ್ನು ಅಳಿಸುತ್ತದೆ.

ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ ಇದೆ. ವಿಂಡೋಸ್ 11ರಲ್ಲಿ ಅದನ್ನು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹುಡುಕಬೇಕು. ಆನ್ ಮಾಡಿದರೆ ಗಂಟೆಗೊಮ್ಮೆ ಬದಲಾದ ಫೈಲ್‌ಗಳ ಹೊಸ ಪ್ರತಿ ಇಡುತ್ತದೆ. ಆದರೆ ಡಿ ಡ್ರೈವ್‌ನಲ್ಲಿ ನೀವೇ ಮಾಡಿಕೊಂಡ ಫೋಲ್ಡರ್‌ಗಳನ್ನು ಅದು ತಾನಾಗಿ ಮುಟ್ಟುವುದಿಲ್ಲ. ಅವನ್ನು ವಿಂಡೋಸ್‌ನ ಒಂದು ಲೈಬ್ರರಿಗೆ (ಬೇರೆ ಬೇರೆ ಕಡೆಯ ಫೋಲ್ಡರ್‌ಗಳನ್ನು ಒಟ್ಟಿಗೆ ತೋರಿಸುವ ಪಟ್ಟಿಗೆ) ಸೇರಿಸಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಡಿಸ್ಕ್ ತೆರೆದಾಗ ಫೈಲ್ ಹೆಸರಿನ ಕೊನೆಗೆ ತಾರೀಖು, ಸಮಯ, ಯುಟಿಸಿ ಎಂದೆಲ್ಲ ಅಂಟಿಕೊಂಡಿರುತ್ತದೆ. ಅದು ಕೆಟ್ಟಿದೆ ಎಂದು ಅಳಿಸಬೇಡಿ, ಅದು ಆವೃತ್ತಿಯ ಗುರುತು. ವಿಂಡೋಸ್ 11ರ "ವಿಂಡೋಸ್ ಬ್ಯಾಕಪ್" ಆಪ್ ಬೇರೆ, ಅದು ಒನ್‌ಡ್ರೈವ್‌ಗೆ ಕಳಿಸುತ್ತದೆ. ಅಲ್ಲಿ ಉಚಿತ ಜಾಗ 5 ಜಿಬಿ ಮಾತ್ರ.

ಬೇರೆ ಫೋಲ್ಡರ್‌ಗಳು ಜಾಸ್ತಿ ಇದ್ದರೆ ಫ್ರೀಫೈಲ್‌ಸಿಂಕ್ ಎಂಬ ಪ್ರೋಗ್ರಾಮ್ ಚೆನ್ನಾಗಿದೆ. ಅದರಲ್ಲಿ "ಮಿರರ್" ಮತ್ತು "ಅಪ್‌ಡೇಟ್" ಎಂಬ ಬಗೆಗಳಿವೆ. ಮಿರರ್ ಆರಿಸಿದರೆ ಕಂಪ್ಯೂಟರ್‌ನಲ್ಲಿ ಅಳಿಸಿದ್ದು ಡಿಸ್ಕ್‌ನಲ್ಲೂ ಅಳಿಯುತ್ತದೆ. ಹೊಸಬರು ಅಪ್‌ಡೇಟ್ ಆರಿಸಿ. ಲಿನಕ್ಸ್‌ನಲ್ಲಿ ದೇಜಾ ಡೂಪ್ ಎಂಬ ಬ್ಯಾಕಪ್ ಪ್ರೋಗ್ರಾಮ್ ಸುಲಭ. ಟೈಮ್‌ಶಿಫ್ಟ್ ಒಂದನ್ನೇ ನಂಬಬೇಡಿ, ಅದು ಸಿಸ್ಟಮ್ ಫೈಲ್‌ಗಳಿಗೆ, ನಿಮ್ಮ ಹೋಮ್ ಫೋಲ್ಡರನ್ನು ತಾನಾಗಿ ಸೇರಿಸಿಕೊಳ್ಳುವುದಿಲ್ಲ.

ಯಾವುದನ್ನೇ ಶುರು ಮಾಡಿದರೂ ಒಂದು ವಾರ ಬಿಟ್ಟು 5ನೇ ಹಂತದ ಪರೀಕ್ಷೆಯನ್ನು ಮತ್ತೆ ಮಾಡಿ. ಆಮೇಲೆ ತಿಂಗಳಿಗೊಮ್ಮೆ ಎರಡು ಮೂರು ಫೈಲ್ ತೆರೆದು ನೋಡಿದರೆ ಸಾಕು.

## ಹಂತ 7: ಎರಡನೇ ಡಿಸ್ಕ್, ಮನೆಯ ಹೊರಗಿನ ಪ್ರತಿ

ಬ್ಯಾಕಪ್ ಬಲ್ಲವರು 3-2-1 ಎನ್ನುತ್ತಾರೆ. ಒಟ್ಟು ಮೂರು ಪ್ರತಿ, ಎರಡು ಬೇರೆ ಬಗೆಯ ಮಾಧ್ಯಮ, ಒಂದು ಬೇರೆ ಸ್ಥಳದಲ್ಲಿ. ಕಂಪ್ಯೂಟರ್ ಪಕ್ಕದಲ್ಲೇ ಡಿಸ್ಕ್ ಇದ್ದರೆ ಕಳ್ಳ, ಬೆಂಕಿ, ನೀರು ಎರಡನ್ನೂ ಒಟ್ಟಿಗೆ ಒಯ್ಯುತ್ತವೆ.

ಇದಕ್ಕಿಂತ ಸಾಮಾನ್ಯವಾದ ಅಪಾಯ ರಾನ್ಸಮ್‌ವೇರ್, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ವೈರಸ್. ಅದು ಕಂಪ್ಯೂಟರ್‌ಗೆ ಹೊಕ್ಕರೆ ಸಿಕ್ಕಿಸಿರುವ ಡಿಸ್ಕ್‌ನ ಫೈಲ್‌ಗಳಿಗೂ ಬೀಗ ಹಾಕುತ್ತದೆ. ಅದಕ್ಕೇ ಒಂದು ಡಿಸ್ಕ್ ಸ್ವಯಂಚಾಲಿತ ಬ್ಯಾಕಪ್‌ಗೆ ಇರಲಿ. ಇನ್ನೊಂದು ತಿಂಗಳಿಗೊಮ್ಮೆ ಮಾತ್ರ ಸಿಕ್ಕಿಸಿ, ಕೆಲಸ ಮುಗಿದ ಕೂಡಲೇ ತೆಗೆದು, ನಂಬಿಕೆಯವರ ಮನೆಯಲ್ಲಿ ಇಡುವಂಥದ್ದಾಗಲಿ. ಆಗಾಗ ಎರಡನ್ನೂ ಅದಲುಬದಲು ಮಾಡಿ.

ಒನ್‌ಡ್ರೈವ್, ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಇದ್ದರೆ ಬ್ಯಾಕಪ್ ಆದಂತೆ ಎಂದು ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವು ಸಿಂಕ್ ಮಾಡುತ್ತವೆ. ಕಂಪ್ಯೂಟರ್‌ನಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಹಾಳಾದ ಫೈಲ್ ಅಲ್ಲಿಗೂ ಹೋಗುತ್ತದೆ. ಗೂಗಲ್ ಡ್ರೈವ್‌ನಲ್ಲೂ ಒನ್‌ಡ್ರೈವ್‌ನ ವೈಯಕ್ತಿಕ ಖಾತೆಯಲ್ಲೂ ಅಳಿಸಿದ ಫೈಲ್ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಮನೆಯ ಹೊರಗಿನ ಪ್ರತಿಯಾಗಿ ಅವು ಉಪಯೋಗಕ್ಕೆ ಬರುತ್ತವೆ, ನಿಜ. ಡಿಸ್ಕ್ ಬಿಟ್ಟು ಅವನ್ನೇ ನಂಬುವುದು ಬೇಡ.

## ಹಂತ 8: ಬೀಗ ಹಾಕಿ, ಕೀಲಿ ಬೇರೆ ಕಡೆ ಇಡಿ

ಹೊರಗೆ ಹೋಗುವ ಡಿಸ್ಕ್ ಕಳೆದರೆ ನಿಮ್ಮ ದಾಖಲೆಗಳು ಯಾರದೋ ಕೈ ಸೇರುತ್ತವೆ. ಟೈಮ್ ಮಷೀನ್‌ನಲ್ಲಿ ಎನ್‌ಕ್ರಿಪ್ಟ್ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡುವ) ಆಯ್ಕೆ ಇದೆ. ವಿಂಡೋಸ್ ಪ್ರೊನಲ್ಲಿ ಬಿಟ್‌ಲಾಕರ್ ಟು ಗೋ ಇದೆ, ಹೋಮ್ ಆವೃತ್ತಿ ಇದ್ದವರಿಗೆ ಉಚಿತವಾದ ವೆರಾಕ್ರಿಪ್ಟ್ ಇದೆ. ಪಾಸ್‌ವರ್ಡ್ ಮರೆತರೆ (ಬಿಟ್‌ಲಾಕರ್ ಆದರೆ ಅದರ ರಿಕವರಿ ಕೀ ಕೂಡ ಇಲ್ಲದಿದ್ದರೆ) ಡಿಸ್ಕ್ ತೆರೆಯಲು ಬೇರೆ ದಾರಿ ಇರುವುದಿಲ್ಲ. ಕಾಗದದ ಮೇಲೆ ಬರೆದು, ಡಿಸ್ಕ್ ಇರುವ ಜಾಗ ಬಿಟ್ಟು ಬೇರೆ ಕಡೆ ಇಡಿ.

ಇನ್ನೊಂದು ಕೀಲಿ ಇದೆ, ಅದು ಇರುವುದೇ ಅನೇಕರಿಗೆ ಗೊತ್ತಿರುವುದಿಲ್ಲ. ಹೊಸ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಒಳಗಿನ ಡಿಸ್ಕ್ ಮೊದಲೇ ಎನ್‌ಕ್ರಿಪ್ಟ್ ಆಗಿರಬಹುದು. ಮದರ್‌ಬೋರ್ಡ್ ಕೆಟ್ಟರೆ ಆ ಡಿಸ್ಕನ್ನು ಬೇರೆ ಕಡೆ ಓದಲು 48 ಅಂಕಿಯ ರಿಕವರಿ ಕೀ ಬೇಕು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಇವತ್ತೇ ಲಾಗಿನ್ ಆಗಿ ಪುಸ್ತಕಕ್ಕೆ ಇಳಿಸಿಕೊಳ್ಳಿ.

## ಡಿಸ್ಕ್ ಸಾಯುವ ಮುನ್ನ ಕೊಡುವ ಸೂಚನೆ

ಟಕ್ ಟಕ್ ಎಂಬ ಸದ್ದು. ಮೊದಲು ಹತ್ತು ನಿಮಿಷದಲ್ಲಿ ಆಗುತ್ತಿದ್ದ ಕಾಪಿಗೆ ಈಗ ಗಂಟೆ. ಫೋಲ್ಡರ್ ತೆರೆದಾಗ ಕಂಪ್ಯೂಟರ್ ಗರಬಡಿದಂತೆ ನಿಲ್ಲುವುದು. ಡಿಸ್ಕ್ ತಾನಾಗಿ ಮಾಯವಾಗಿ ಮತ್ತೆ ಬರುವುದು. ಕೊನೆಯದು ಕೇಬಲ್ ದೋಷವೂ ಆಗಿರಬಹುದು, ಮೊದಲು ಕೇಬಲ್ ಬದಲಿಸಿ ನೋಡಿ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಮ್ ಡಿಸ್ಕ್‌ನ ಆರೋಗ್ಯ ತೋರಿಸುತ್ತದೆ. "ಕಾಶನ್" ಅಥವಾ "ಬ್ಯಾಡ್" ಎಂದು ಬಂದರೆ ಆ ಡಿಸ್ಕನ್ನು ಇನ್ನು ನಂಬಬೇಡಿ. ಎಸ್‌ಎಸ್‌ಡಿಗಳು (ತಿರುಗುವ ಭಾಗಗಳಿಲ್ಲದ ಹೊಸ ಬಗೆಯ ಡಿಸ್ಕ್‌ಗಳು) ಯಾವ ಸದ್ದೂ ಮಾಡದೆ ಕೆಟ್ಟುಹೋಗಬಹುದು, ಸೂಚನೆಗೆ ಕಾಯುವಂತಿಲ್ಲ.

ಸೂಚನೆ ಕಂಡರೆ ಡಿಸ್ಕ್ ರಿಪೇರಿ ಪ್ರೋಗ್ರಾಮ್ ಓಡಿಸಬೇಡಿ, ಡಿಫ್ರ್ಯಾಗ್ (ಡಿಸ್ಕ್‌ನಲ್ಲಿ ಚದುರಿದ ಫೈಲ್ ತುಣುಕುಗಳನ್ನು ಮತ್ತೆ ಜೋಡಿಸುವುದು) ಮಾಡಬೇಡಿ. ಸೋತ ಡಿಸ್ಕ್‌ಗೆ ಅದು ಇನ್ನಷ್ಟು ಹೊರೆ. ಮೊದಲ ಗುಂಪಿನ ಫೈಲ್‌ಗಳನ್ನು, ಅದರಲ್ಲೂ ಬೇರೆಲ್ಲೂ ಪ್ರತಿ ಇಲ್ಲದವನ್ನು, ಮೊದಲು ಕಾಪಿ ಮಾಡಿ. ಟಕ್ ಟಕ್ ಸದ್ದು ನಿಲ್ಲದೇ ಇದ್ದರೆ ಕೂಡಲೇ ಆಫ್ ಮಾಡಿ. ಒಳಗಿರುವುದು ಅಷ್ಟು ಮುಖ್ಯವಾದರೆ ಡೇಟಾ ರಿಕವರಿ ಮಾಡುವವರಿಗೇ ಕೊಡಿ. ಫ್ರಿಜ್‌ನಲ್ಲಿ ಇಟ್ಟು ತೆಗೆಯುವಂಥ ಉಪಾಯಗಳ ಗೋಜಿಗೆ ಹೋಗಬೇಡಿ.

ಅಕಸ್ಮಾತ್ ಫೈಲ್ ಅಳಿಸಿದರೆ ಆ ಡಿಸ್ಕ್‌ಗೆ ಏನನ್ನೂ ಬರೆಯದೆ ನಿಲ್ಲಿಸಿ, ಬ್ಯಾಕಪ್‌ನಿಂದ ತೆಗೆದುಕೊಳ್ಳಿ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗ ಖಾಲಿ ಮಾಡುವುದರಿಂದ ರಿಕವರಿ ಪ್ರೋಗ್ರಾಮ್‌ಗಳಿಗೆ ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ.

## ಹಳೆಯ ಕಂಪ್ಯೂಟರ್ ಕೊಡುವಾಗ

ಹೊಸದು ಬಂದ ದಿನವೇ ಹಳೆಯದನ್ನು ಫಾರ್ಮ್ಯಾಟ್ ಮಾಡಬೇಡಿ. ಬ್ಯಾಕಪ್‌ನಿಂದ ಹೊಸದಕ್ಕೆ ಫೈಲ್ ಹಾಕಿ, ಕನಿಷ್ಠ ಒಂದು ತಿಂಗಳು ಬಳಸಿ. ಇಮೇಲ್‌ನ ಹಳೆಯ ಪತ್ರ, ಬುಕ್‌ಮಾರ್ಕ್, ಯಾವುದೋ ಒಂದು ಫಾಂಟ್ ಬಿಟ್ಟುಹೋಗಿರುವುದು ಆ ತಿಂಗಳಲ್ಲೇ ಗೊತ್ತಾಗುವುದು. ಎರಡು ಹಂತದ ಲಾಗಿನ್‌ಗೆ ಹಳೆಯ ಕಂಪ್ಯೂಟರ್ ಬಳಸುತ್ತಿದ್ದರೆ ಅದನ್ನು ಹೊಸದಕ್ಕೆ ಬದಲಿಸಿ, ರಿಕವರಿ ಕೋಡ್‌ಗಳನ್ನು ಬರೆದುಕೊಳ್ಳಿ. ಎರಡು ಡಿಸ್ಕ್‌ನಲ್ಲೂ ಹೊಸ ಕಂಪ್ಯೂಟರ್‌ನ ಬ್ಯಾಕಪ್ ಆಗಿ, 5ನೇ ಹಂತದ ಪರೀಕ್ಷೆ ದಾಟಿದ ಮೇಲೆ ಹಳೆಯದನ್ನು ಅಳಿಸಿ.